ಕಾರಿನ ಆಟೋ ಎಸಿ ಕೈಕೊಟ್ಟರೆ: ಗ್ಯಾಸ್ ಹಾಕಿಸುವ ಮೊದಲು ನೀವೇ ನೋಡಬೇಕಾದದ್ದು

ಎಸಿ ತಣ್ಣಗಾಗುತ್ತಿಲ್ಲ ಅಂತ ಗ್ಯಾರೇಜಿಗೆ ಹೋದರೆ ಹೆಚ್ಚಿನ ಕಡೆ ಸಿಗುವ ಮೊದಲ ಉತ್ತರ, "ಗ್ಯಾಸ್ ಕಮ್ಮಿ ಆಗಿದೆ ಸರ್, ಹಾಕ್ಬಿಡೋಣ." ಕೆಲವು ಸಲ ಅದು ನಿಜವೂ ಹೌದು. ಆದರೆ ನಿಮ್ಮ ಕಾರಿನಲ್ಲಿರುವುದು ಆಟೋಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್ ಆಗಿದ್ದರೆ, ಅಂದರೆ 24 ಅಂತ ಇಟ್ಟು ಬಿಟ್ಟರೆ ಫ್ಯಾನ್ ವೇಗ, ತಂಪು, ಗಾಳಿ ಯಾವ ಕಡೆ ಬರಬೇಕು ಅನ್ನೋದನ್ನೆಲ್ಲ ಕಾರೇ ನೋಡಿಕೊಳ್ಳುವ ವ್ಯವಸ್ಥೆ ಇದ್ದರೆ, ಗ್ಯಾಸ್ ಅನ್ನೋದು ಹತ್ತಾರು ಕಾರಣಗಳಲ್ಲಿ ಒಂದು ಮಾತ್ರ. ಇನ್ನೊಂದು ವಿಷಯ, ಗ್ಯಾಸ್ ಓಡಿಸಿದಷ್ಟೂ ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಪೈಪುಗಳ ಒಳಗೆ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ. ರಬ್ಬರ್ ಪೈಪುಗಳಿಂದ ವರ್ಷಗಟ್ಟಲೆಯಲ್ಲಿ ಸ್ವಲ್ಪ ಸ್ವಲ್ಪ ಹೋಗುವುದುಂಟು. ಆದರೆ ಒಂದೇ ಬೇಸಿಗೆಯಲ್ಲಿ ಕಮ್ಮಿಯಾಯಿತು ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ.

ಆದ್ದರಿಂದ ಮೊದಲು ಪತ್ತೆ ಮಾಡಬೇಕಾದದ್ದು ಒಂದೇ. ಕಾರಿನಲ್ಲಿ ತಂಪು ತಯಾರಾಗುತ್ತಿಲ್ಲವೋ, ಅಥವಾ ತಂಪು ತಯಾರಾದರೂ ಅದನ್ನು ಎಷ್ಟು ಕೊಡಬೇಕು ಅಂತ ಲೆಕ್ಕ ಹಾಕುವ ಕಡೆ ತಪ್ಪಿದೆಯೋ? ಈ ಎರಡರಲ್ಲಿ ಯಾವುದು ಅಂತ ಮನೆ ಮುಂದೆಯೇ, ಒಂದು ಪೈಸೆ ಖರ್ಚಿಲ್ಲದೆ ತಿಳಿದುಕೊಳ್ಳಬಹುದು. ಅದು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಒಳಗೆ ಏನೇನಿದೆ

ತಂಪು ಮಾಡುವ ಭಾಗ ಹೆಚ್ಚಿನ ಕಾರುಗಳಲ್ಲಿ ಒಂದೇ. ಎಂಜಿನ್‌ನಿಂದ ತಿರುಗಿ ಗ್ಯಾಸನ್ನು ಒತ್ತುವ ಕಂಪ್ರೆಸರ್, ರೇಡಿಯೇಟರ್ ಮುಂದೆ ಇದ್ದು ಗ್ಯಾಸಿನ ಶಾಖ ಹೊರಹಾಕುವ ಕಂಡೆನ್ಸರ್, ಪ್ರೆಶರ್ ಇಳಿಸುವ ಒಂದು ಎಕ್ಸ್‌ಪ್ಯಾನ್ಷನ್ ವಾಲ್ವ್, ಡ್ಯಾಶ್‌ಬೋರ್ಡ್ ಒಳಗಿರುವ ಎವಾಪರೇಟರ್. ಈ ಎವಾಪರೇಟರನ್ನೇ ನಮ್ಮ ಮೆಕ್ಯಾನಿಕ್‌ಗಳು ಕೂಲಿಂಗ್ ಕಾಯಿಲ್ ಅನ್ನುವುದು.

ಆಟೋ ಎಸಿಯಲ್ಲಿ ಇದರ ಮೇಲೆ ಒಂದು ಕಂಟ್ರೋಲ್ ಯೂನಿಟ್ ಇದೆ. ಅದಕ್ಕೆ ಸುದ್ದಿ ಕೊಡುವ ಸೆನ್ಸರ್‌ಗಳಿವೆ. ಕಾರಿನ ಒಳಗಿನ ಶಾಖ ಅಳೆಯುವುದು ಒಂದು, ಹೊರಗಿನದಕ್ಕೆ ಇನ್ನೊಂದು, ಬಿಸಿಲು ಎಷ್ಟಿದೆ ಅಂತ ನೋಡುವುದು ಮತ್ತೊಂದು, ಕೂಲಿಂಗ್ ಕಾಯಿಲ್ ಹೆಪ್ಪುಗಟ್ಟದ ಹಾಗೆ ಕಾಯುವುದು ಮಗದೊಂದು. ಎಂಜಿನ್ ಎಷ್ಟು ಬಿಸಿಯಾಗಿದೆ ಅನ್ನೋ ಸುದ್ದಿಯೂ ಅದಕ್ಕೆ ಬರುತ್ತದೆ. ಇವೆಲ್ಲ ನೋಡಿಕೊಂಡು ಅದು ಬ್ಲೋವರ್, ಅಂದರೆ ಒಳಗೆ ಗಾಳಿ ಊದುವ ಫ್ಯಾನ್, ವೇಗವನ್ನು ಬದಲಿಸುತ್ತದೆ, ಗಾಳಿಯ ದಾರಿ ತೆರೆದು ಮುಚ್ಚುವ ಒಳಗಿನ ಫ್ಲ್ಯಾಪ್‌ಗಳನ್ನು ಚಿಕ್ಕ ಮೋಟಾರ್‌ಗಳಿಂದ ತಿರುಗಿಸುತ್ತದೆ, ಕಂಪ್ರೆಸರ್‌ಗೆ ಆನ್ ಆಗು ಅಂತ ಹೇಳುತ್ತದೆ.

ಇದರಲ್ಲಿ ಜನ ಮರೆಯುವುದು ಟೆಂಪರೇಚರ್ ಫ್ಲ್ಯಾಪನ್ನು. ಹೆಚ್ಚಿನ ಕಾರುಗಳಲ್ಲಿ ಕೂಲಿಂಗ್ ಕಾಯಿಲ್ ದಾಟಿದ ತಂಪು ಗಾಳಿಯ ದಾರಿಯಲ್ಲೇ ಹೀಟರ್ ಕೂಡ ಇದೆ. ಅದರೊಳಗೆ ಎಂಜಿನ್‌ನ ಬಿಸಿ ಕೂಲೆಂಟ್ ಓಡುತ್ತಿರುತ್ತದೆ. ಸ್ನಾನದ ಬಕೆಟ್‌ಗೆ ಬಿಸಿನೀರು ತಣ್ಣೀರು ಬೆರೆಸಿ ಹದ ಮಾಡುವ ಹಾಗೆ ಈ ಫ್ಲ್ಯಾಪ್ ಎರಡು ಗಾಳಿಯನ್ನೂ ಬೆರೆಸುತ್ತದೆ. ಇದು ಬಿಸಿ ಕಡೆಗೆ ಸಿಕ್ಕಿಕೊಂಡರೆ, ಗ್ಯಾಸ್ ಪೂರ್ತಿ ಇದ್ದರೂ, ಹೊಸ ಕಂಪ್ರೆಸರ್ ಹಾಕಿದರೂ, ನಿಮಗೆ ಬರುವುದು ಬೆಚ್ಚಗಿನ ಗಾಳಿಯೇ.

ಕೆಟ್ಟಿಲ್ಲ, ಹಾಗೆ ಕಾಣುತ್ತದೆ ಅಷ್ಟೆ

ಕೆಲವು ದೂರುಗಳು ದೋಷವೇ ಅಲ್ಲ. ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಚಳಿ ಬೆಳಗ್ಗೆ ಆಟೋ ಒತ್ತಿದರೆ ಫ್ಯಾನ್ ಸ್ವಲ್ಪ ಹೊತ್ತು ತಿರುಗುವುದೇ ಇಲ್ಲ ಅನ್ನುವಷ್ಟು ನಿಧಾನ ಇರುತ್ತದೆ, ಯಾಕೆಂದರೆ ಎಂಜಿನ್ ಬಿಸಿಯಾಗದೆ ಬಿಸಿಗಾಳಿ ಕೊಡಲು ಆಗುವುದಿಲ್ಲ, ಮುಖಕ್ಕೆ ತಣ್ಣನೆ ಗಾಳಿ ಊದುವುದು ಬೇಡ ಅಂತ ಅದು ಕಾಯುತ್ತಿರುತ್ತದೆ. ಏಪ್ರಿಲ್‌ನಲ್ಲಿ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಬಿಸಿಲಲ್ಲಿ ನಿಲ್ಲಿಸಿದ ಕಾರು ಹತ್ತಿದ ತಕ್ಷಣ ಫ್ಯಾನ್ ಜೋರಾಗಿ ಕೂಗುವುದೂ ಸರಿಯೇ. ಶಿರಾಡಿ, ಚಾರ್ಮಾಡಿಯಲ್ಲಿ ತುಂಬಿದ ಕಾರು ಏರುವಾಗ ಎಂಜಿನ್ ಬಿಸಿ ಜಾಸ್ತಿಯಾದರೆ ಅಥವಾ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಕಂಪ್ರೆಸರ್ ಸ್ವಲ್ಪ ಹೊತ್ತು ತಾನಾಗಿ ನಿಲ್ಲುವುದುಂಟು. ಆದರೆ ಟೆಂಪರೇಚರ್ ಮುಳ್ಳು ಮೇಲೆ ಹೋಗುತ್ತಿದ್ದರೆ ಅದು ಎಸಿ ವಿಷಯ ಅಲ್ಲ. ಬೇಗ ಗಾಡಿ ಬದಿಗೆ ಹಾಕಿ.

ಇಕೋ ಮೋಡ್ ಆನ್ ಇದೆಯಾ ನೋಡಿ. ಹಲವು ಕಾರುಗಳಲ್ಲಿ ಅದು ಎಸಿಯನ್ನು ಬೇಕೆಂದೇ ತಗ್ಗಿಸುತ್ತದೆ. ಎಸಿ ಬಟನ್ ದೀಪ ಉರಿಯುತ್ತಿದೆಯಾ ಅಂತಲೂ ನೋಡಿ. ಫ್ಯಾನ್ ಮಾತ್ರ ಓಡಿ ಎಸಿ ಆಫ್ ಇರುವುದು ಅಪರೂಪವೇನಲ್ಲ, ಮಕ್ಕಳು ಒತ್ತಿರುತ್ತಾರೆ.

ಆಮೇಲೆ ಕ್ಯಾಬಿನ್ ಫಿಲ್ಟರ್. ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಸ್ಕ್ರೂಡ್ರೈವರ್ ಕೂಡ ಬೇಕಾಗುವುದಿಲ್ಲ ಎಷ್ಟೋ ಸಲ. ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ತೂರಿ ಬರದಿದ್ದರೆ ಗಾಳಿಯೂ ಅಷ್ಟೆ. ಸಾಮಾನ್ಯವಾಗಿ 10,000ದಿಂದ 15,000 ಕಿ.ಮೀ.ಗೆ ಬದಲಿಸಿ ಅನ್ನುತ್ತಾರೆ. ಮಣ್ಣು ರಸ್ತೆಯಲ್ಲಿ, ಕ್ವಾರಿ ಅಕ್ಕಪಕ್ಕ, ಮೆಟ್ರೋ ಕೆಲಸ ನಡೆಯುವ ಕಡೆ ದಿನಾ ಓಡಾಡುವವರಿಗೆ ಅದಕ್ಕಿಂತ ಬೇಗ ಬೇಕು. ಫಿಲ್ಟರ್ ಹಾಕುವಾಗ ಅದರ ಮೇಲಿನ ಬಾಣದ ಗುರುತು ಸರಿಯಾಗಿ ಕೂರಿಸಿ.

ಮುಖ್ಯ ಪರೀಕ್ಷೆ: ಲೋ ಮತ್ತು 24

ಈಗ ಕಾರನ್ನು ನೆರಳಲ್ಲಿ, ಬಯಲಲ್ಲಿ ನಿಲ್ಲಿಸಿ. ಮುಚ್ಚಿದ ಗ್ಯಾರೇಜಿನೊಳಗೆ ಎಂಜಿನ್ ಓಡಿಸಿಕೊಂಡು ಕೂರಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇರುವುದಿಲ್ಲ, ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಒಂದು ಡಿಜಿಟಲ್ ಥರ್ಮಾಮೀಟರ್ ಇದ್ದರೆ ಅದರ ಕಡ್ಡಿಯನ್ನು ನಡುವಿನ ಎಸಿ ಕಿಂಡಿಗೆ ಸಿಕ್ಕಿಸಿ. ಒಳಗಿನ ಗಾಳಿಯೇ ಸುತ್ತುವ ಹಾಗೆ ರೀಸರ್ಕ್ಯುಲೇಷನ್ ಒತ್ತಿ. ಟೆಂಪರೇಚರ್ ಪೂರ್ತಿ ಕೆಳಗೆ, 'ಲೋ' ಅಂತ ಬರುವವರೆಗೆ ಇಳಿಸಿ. ಬ್ಲೋವರ್ ನಡುಮಟ್ಟದಲ್ಲಿಟ್ಟು, ಎಂಜಿನ್ 1,500 ಆರ್‌ಪಿಎಂ ಸುತ್ತಮುತ್ತ ಹಿಡಿದು ಹತ್ತು ನಿಮಿಷ ಬಿಡಿ.

ಲೋದಲ್ಲಿಟ್ಟಾಗ ಹೆಚ್ಚಿನ ಕಾರುಗಳು ಒಳಗಿನ ಸೆನ್ಸರ್ ಏನು ಹೇಳುತ್ತಿದೆ ಅಂತ ಕೇಳುವುದೇ ಇಲ್ಲ. ಟೆಂಪರೇಚರ್ ಫ್ಲ್ಯಾಪನ್ನು ಪೂರ್ತಿ ತಂಪಿನ ಕಡೆ ತಳ್ಳಿ, ಇರುವಷ್ಟು ತಂಪನ್ನೆಲ್ಲ ಕೊಟ್ಟುಬಿಡುತ್ತವೆ. ಅದಕ್ಕೇ ಈ ಪರೀಕ್ಷೆಗೆ ಬೆಲೆ. ಕಿಂಡಿಯಲ್ಲಿ 5ರಿಂದ 10 ಡಿಗ್ರಿ ಬಂದರೆ ತಂಪು ಮಾಡುವ ಭಾಗ ಚೆನ್ನಾಗಿದೆ. ಹೊರಗೆ 38, 40 ಇದ್ದರೆ 12 ಬಂದರೂ ಬೇಸರ ಬೇಡ.

ಇನ್ನು 24ಕ್ಕೆ ಇಟ್ಟು ಆಟೋ ಒತ್ತಿ ನೋಡಿ. ಲೋದಲ್ಲಿ ಚೆನ್ನಾಗಿ ತಣ್ಣಗಾಗಿ 24ರಲ್ಲಿ ಮಾತ್ರ ಹುಚ್ಚುಹುಚ್ಚಾಗಿ ಆಡಿದರೆ, ಒಮ್ಮೆ ಚಳಿ ಒಮ್ಮೆ ಸೆಕೆ ಅನ್ನಿಸಿದರೆ, ಫ್ಯಾನ್ ಯಾವಾಗಲೂ ಜೋರಾಗಿಯೇ ಅಥವಾ ಯಾವಾಗಲೂ ಮೆಲ್ಲಗೆಯೇ ಓಡಿದರೆ, ತಪ್ಪು ಸೆನ್ಸರ್ ಕಡೆ ಅಥವಾ ಫ್ಲ್ಯಾಪ್ ಮೋಟಾರ್ ಕಡೆ. ಇಂಥ ಕಾರಿಗೆ ಗ್ಯಾಸ್ ಹಾಕಿಸುವುದು ಸುಮ್ನೆ ದುಡ್ಡು ದಂಡ. ಲೋದಲ್ಲೂ ತಣ್ಣಗಾಗದಿದ್ದರೆ ಮಾತ್ರ ಬಾನೆಟ್ ತೆಗೆಯಿರಿ. ಆಗಲೂ ಫ್ಲ್ಯಾಪ್ ಸಿಕ್ಕಿಕೊಂಡಿರಬಹುದು ಅನ್ನೋದು ನೆನಪಿರಲಿ.

24ರಲ್ಲಿ ತಪ್ಪಿದರೆ: ಸೆನ್ಸರ್‌ಗಳು

ಮೊದಲು ಒಳಗಿನ ಸೆನ್ಸರ್. ಸ್ಟೀರಿಂಗ್ ಹತ್ತಿರ ಅಥವಾ ಎಸಿ ಬಟನ್‌ಗಳ ಪಕ್ಕ ಬೆರಳ ತುದಿಯಷ್ಟು ಒಂದು ಜಾಲರಿ ಇರುತ್ತದೆ. ಹಲವು ಕಾರುಗಳಲ್ಲಿ ಅದರ ಹಿಂದೆ ಒಂದು ಪುಟ್ಟ ಫ್ಯಾನ್ ಇಲ್ಲವೇ ಒಂದು ಸಣ್ಣ ಪೈಪ್ ಇದ್ದು ಕಾರಿನ ಗಾಳಿಯನ್ನು ಸೆನ್ಸರ್ ಕಡೆ ಎಳೆಯುತ್ತಿರುತ್ತದೆ. ಧೂಳು, ಕೂದಲು ಕಟ್ಟಿಕೊಂಡರೆ ಅಥವಾ ಪೈಪ್ ಕಳಚಿದರೆ ಸೆನ್ಸರ್ ಅಳೆಯುವುದು ಡ್ಯಾಶ್‌ಬೋರ್ಡ್ ಒಳಗಿನ ಸೆಕೆಯನ್ನು. ಆಗ ಕಾರು ತಣ್ಣಗಾಗಿದ್ದರೂ ಅದಕ್ಕೆ ಗೊತ್ತಾಗದೆ ಊದುತ್ತಲೇ ಇರುತ್ತದೆ. ಬ್ಲೋವರ್ ಆನ್ ಮಾಡಿ ಒಂದು ಚೂರು ಟಿಶ್ಯೂ ಪೇಪರನ್ನು ಆ ಜಾಲರಿಗೆ ಹಿಡಿಯಿರಿ. ಎಳೆದು ಅಂಟಿಕೊಂಡರೆ ಗಾಳಿ ಹೋಗುತ್ತಿದೆ. ಬಿದ್ದುಹೋದರೆ ಮೃದುವಾದ ಬ್ರಷ್‌ನಿಂದ ಒರೆಸಿ, ವ್ಯಾಕ್ಯೂಮ್ ಕ್ಲೀನರ್ ಇಟ್ಟು ಮೆಲ್ಲಗೆ ಎಳೆಯಿರಿ. ಈ ಕಿಂಡಿಗೆ ಸೆಂಟ್, ಡ್ಯಾಶ್‌ಬೋರ್ಡ್ ಪಾಲಿಶ್ ಸಿಂಪಡಿಸಬೇಡಿ. ಸೆನ್ಸರ್ ಬದುಕಿದೆಯಾ ಅಂತ ನೋಡಲು, ಕಾರು ಹದಕ್ಕೆ ಬಂದು ಫ್ಯಾನ್ ನಿಧಾನವಾದ ಮೇಲೆ ಹೇರ್ ಡ್ರೈಯರ್‌ನ ಬಿಸಿಗಾಳಿಯನ್ನು ದೂರದಿಂದ ಅದಕ್ಕೆ ತಾಗಿಸಿ. ಸ್ವಲ್ಪದರಲ್ಲೇ ಫ್ಯಾನ್ ಜೋರಾಗಬೇಕು. ಏನೂ ಆಗದಿದ್ದರೆ ಸೆನ್ಸರ್ ಅಥವಾ ಅದರ ವೈರ್ ನೋಡಬೇಕು.

ಬಿಸಿಲಿನ ಸೆನ್ಸರ್ ನಮ್ಮ ಕಡೆ ಬೇರೆಯೇ ಕಾರಣಕ್ಕೆ ಕೈಕೊಡುತ್ತದೆ. ಅದು ಇರುವುದು ಡ್ಯಾಶ್‌ಬೋರ್ಡ್ ಮೇಲೆ, ಮುಂದಿನ ಗಾಜಿನ ಹತ್ತಿರ, ಕಪ್ಪು ಗುಂಡಿಯ ರೂಪದಲ್ಲಿ. ನಾವು ಅಲ್ಲೇ ಗಣಪತಿ ಇಡುತ್ತೇವೆ, ಹೂ ಇಡುತ್ತೇವೆ, ಡ್ಯಾಶ್‌ಬೋರ್ಡ್ ಸೀಳದಿರಲಿ ಅಂತ ಮ್ಯಾಟ್ ಹಾಸುತ್ತೇವೆ, ಟೋಲ್ ರಸೀದಿ ಬಿಸಾಡುತ್ತೇವೆ. ಸೆನ್ಸರ್ ಮುಚ್ಚಿಹೋದರೆ ಕಾರಿಗೆ ನಡು ಮಧ್ಯಾಹ್ನವೂ ಕತ್ತಲೆಯೇ, ಎಸಿಯನ್ನು ತಗ್ಗಿಸಿಬಿಡುತ್ತದೆ. ದೇವರನ್ನು ಒಂದು ಗೇಣು ಆಚೆ ಕೂರಿಸಿ. ಮ್ಯಾಟ್ ಹಾಕಲೇಬೇಕೆಂದರೆ ಆ ಜಾಗದಲ್ಲಿ ಒಂದು ತೂತು ಮಾಡಿ.

ಹೊರಗಿನ ಸೆನ್ಸರ್ ಮುಂದಿನ ಬಂಪರ್ ಜಾಲರಿಯ ಹಿಂದೆ ಇರುತ್ತದೆ. ಇದನ್ನು ಪರೀಕ್ಷಿಸಲು ಒಳ್ಳೆಯ ಹೊತ್ತು ಬೆಳಗ್ಗೆ, ರಾತ್ರಿಯಿಡೀ ನಿಂತ ಕಾರಿನ ಎಂಜಿನ್ ಶುರು ಮಾಡುವ ಮೊದಲು. ಸ್ಕ್ರೀನ್‌ನಲ್ಲಿ ಹೊರಗಿನ ಶಾಖ ತೋರಿಸುತ್ತದಲ್ವಾ, ಅದನ್ನು ಫೋನಿನಲ್ಲಿ ಬರುವ ಹವಾಮಾನದ ಜೊತೆ ಹೋಲಿಸಿ. ಎರಡು ಮೂರು ಡಿಗ್ರಿ ಹೆಚ್ಚುಕಮ್ಮಿ ಪರವಾಗಿಲ್ಲ. ಟ್ರಾಫಿಕ್‌ನಲ್ಲಿ ನಿಂತಾಗ ಬೆಂಗಳೂರಿನಲ್ಲೂ 40 ತೋರಿಸಿದರೆ ಅದು ಎಂಜಿನ್ ಮತ್ತು ರಸ್ತೆಯ ಕಾವು, ಸೆನ್ಸರ್ ತಪ್ಪಲ್ಲ. ಆದರೆ ಮೈನಸ್ 40 ಅಂತಲೋ ಬರೀ ಎರಡು ಗೆರೆಯೋ ಬಂದರೆ ವೈರ್ ತುಂಡಾಗಿದೆ ಅಥವಾ ಪ್ಲಗ್ ಕಳಚಿದೆ. ಹೊರಗೆ ಹೆಪ್ಪುಗಟ್ಟುವ ಚಳಿ ಇದೆ ಅಂತ ನಂಬಿದ ಕಾರು ಕಂಪ್ರೆಸರನ್ನು ಆನ್ ಮಾಡುವುದೇ ಇಲ್ಲ. ಬಂಪರ್‌ಗೆ ಏನಾದರೂ ತಾಗಿ ರಿಪೇರಿ ಮಾಡಿಸಿದ ಮೇಲೆ ಎಸಿ ನಿಂತಿದ್ದರೆ ಮೊದಲು ಇದನ್ನೇ ನೋಡಿ. ಬಂಪರ್ ಬಿಚ್ಚಿ ಹಾಕುವಾಗ ಈ ಪ್ಲಗ್ ಮರೆತುಹೋಗುವುದು ಸುಲಭ.

ಈ ಶಾಖದ ಸೆನ್ಸರ್‌ಗಳೆಲ್ಲ ಬಹುತೇಕ ಒಂದೇ ಜಾತಿ. ಬಿಸಿ ಏರಿದಂತೆ ರೆಸಿಸ್ಟೆನ್ಸ್ ಇಳಿಯುತ್ತದೆ. ಮಲ್ಟಿಮೀಟರ್ ಬಳಸಿ ಗೊತ್ತಿದ್ದರೆ ಸೆನ್ಸರ್ ಕಳಚಿ, ಓಮ್‌ಗೆ ಇಟ್ಟು, ಅಂಗೈಯಲ್ಲಿ ಹಿಡಿದುಕೊಳ್ಳಿ. ಅಂಕಿ ಒಂದೇ ಸಮ ಇಳಿಯುತ್ತಾ ಬರಬೇಕು. ನಡುವೆ ಜಿಗಿದರೆ, ಅಲ್ಲಾಡದೆ ನಿಂತರೆ, ಮೀಟರ್ ಓಪನ್ ತೋರಿಸಿದರೆ ಬದಲಿಸಿ. ಕಾರಿನಿಂದ ಕಾರಿಗೆ ಅಂಕಿ ಬೇರೆ ಇರುವುದರಿಂದ ಇಂತಿಷ್ಟೇ ಬರಬೇಕು ಅಂತ ಎಲ್ಲದಕ್ಕೂ ಸೇರಿಸಿ ಹೇಳಲು ಬರುವುದಿಲ್ಲ, ಇಳಿಯುವ ಬಗೆ ನೋಡಿದರೆ ಸಾಕು.

ಕೂಲಿಂಗ್ ಕಾಯಿಲ್‌ನ ಸೆನ್ಸರ್ ಕೆಟ್ಟಾಗ ಕಾಣುವ ಲಕ್ಷಣ ತುಂಬಾ ಸ್ಪಷ್ಟ. ಹೊರಟಾಗ ಎಸಿ ಚೆನ್ನಾಗಿರುತ್ತದೆ. ಬೆಂಗಳೂರು ಬಿಟ್ಟು ಮದ್ದೂರು ದಾಟುವ ಹೊತ್ತಿಗೆ ಗಾಳಿಯೇ ಕಮ್ಮಿಯಾಗುತ್ತದೆ, ಫ್ಯಾನ್ ಸದ್ದು ಮಾತ್ರ ಇರುತ್ತದೆ. ತಿಂಡಿಗೆ ನಿಲ್ಲಿಸಿ ಬಂದರೆ ಕಾರಿನ ಕೆಳಗೆ ಮಾಮೂಲಿಗಿಂತ ಜಾಸ್ತಿ ನೀರು, ಮತ್ತೆ ಹೊರಟರೆ ಎಸಿ ಸರಿ. ಕಾಯಿಲ್ ಮೇಲೆ ಐಸ್ ಕಟ್ಟಿ ಗಾಳಿಯ ದಾರಿ ಮುಚ್ಚಿತ್ತು, ಕರಗಿತು, ಅಷ್ಟೆ. ಇದಕ್ಕೆ ಸೆನ್ಸರ್ ಜಾರಿರಬಹುದು, ಕೆಟ್ಟಿರಬಹುದು, ಅಥವಾ ಫಿಲ್ಟರ್ ಕಟ್ಟಿ ಗಾಳಿ ಸಾಲದೆ ಹೀಗಾಗಿರಬಹುದು.

ಇದೇ ಥರ ಕಾಣುವ ಇನ್ನೊಂದು ತೊಂದರೆ ಇದೆ. ಎರಡನ್ನೂ ಬೇರೆ ಮಾಡಿ ನೋಡುವುದು ಮುಖ್ಯ. ಅರ್ಧ ಗಂಟೆ ಓಡಿದ ಮೇಲೆ ಗಾಳಿ ಅಷ್ಟೇ ಜೋರಾಗಿ ಬರುತ್ತಿದ್ದು ಬರೀ ಬೆಚ್ಚಗಾದರೆ ಅದು ಐಸ್ ಅಲ್ಲ. ಕಂಪ್ರೆಸರ್‌ನ ಮ್ಯಾಗ್ನೆಟಿಕ್ ಕ್ಲಚ್ (ಪುಲ್ಲಿಯನ್ನು ಕಂಪ್ರೆಸರ್‌ಗೆ ಜೋಡಿಸುವ ಭಾಗ) ಸವೆದು ಗ್ಯಾಪ್ ಜಾಸ್ತಿಯಾಗಿದ್ದರೆ, ಬಿಸಿಯಾದಾಗ ಅದರೊಳಗಿನ ಅಯಸ್ಕಾಂತದ ಎಳೆತ ಸಾಲದೆ ಕ್ಲಚ್ ಬಿಟ್ಟುಕೊಳ್ಳುತ್ತದೆ. ತಣಿದ ಮೇಲೆ ಮತ್ತೆ ಹಿಡಿಯುತ್ತದೆ. ಗಾಳಿ ನಿಂತರೆ ಐಸ್, ಗಾಳಿ ಇದ್ದು ತಂಪು ನಿಂತರೆ ಕ್ಲಚ್ ಕಡೆ ಮೊದಲು ನೋಡಿ.

ಫ್ಲ್ಯಾಪ್ ಮತ್ತು ಅದರ ಮೋಟಾರ್

ಡ್ಯಾಶ್‌ಬೋರ್ಡ್ ಒಳಗಿಂದ ಟಕ್ ಟಕ್ ಟಕ್ ಅಂತ ಸದ್ದು, ಅದೂ ಕಾರು ಶುರು ಮಾಡಿದ ಕೂಡಲೇ ಅಥವಾ ಟೆಂಪರೇಚರ್ ಬದಲಿಸಿದಾಗ ಬಂದರೆ ಫ್ಲ್ಯಾಪ್ ಮೋಟಾರ್‌ನ ಪ್ಲಾಸ್ಟಿಕ್ ಗೇರ್ ಹಲ್ಲು ಹೋಗಿದೆ ಅಂತ ಬಹುಪಾಲು ಖಚಿತ.

ಸದ್ದಿಲ್ಲದೆಯೂ ಸಿಕ್ಕಿಕೊಳ್ಳಬಹುದು. ಅದನ್ನು ಹಿಡಿಯುವುದು ಹೀಗೆ. ಬೆಳಗ್ಗೆ ಎಂಜಿನ್ ತಣ್ಣಗಿದ್ದಾಗ ಕಾರು ಶುರು ಮಾಡಿ ಲೋಗೆ ಇಡಿ. ಮೊದಲ ಕೆಲವು ನಿಮಿಷ ಚೆನ್ನಾಗಿ ತಂಪು ಬಂದು, ಎಂಜಿನ್ ಬಿಸಿಯಾಗುತ್ತಾ ಹೋದಂತೆ ಗಾಳಿಯೂ ಬೆಚ್ಚಗಾದರೆ ಹೀಟರ್‌ನ ಕಾವು ಬೆರೆಯುತ್ತಿದೆ ಅನ್ನುವ ಅನುಮಾನ ಬರಬೇಕು. ಆಗ ಬಾನೆಟ್ ತೆಗೆದು, ಎಂಜಿನ್ ಹಿಂದಿನ ಗೋಡೆಯಿಂದ ಕ್ಯಾಬಿನ್ ಒಳಗೆ ಹೋಗುವ ಎರಡು ಅಲ್ಯೂಮಿನಿಯಂ ಪೈಪ್‌ಗಳನ್ನು ಹುಡುಕಿ. ದಪ್ಪನೆಯದು ಮುಟ್ಟಿದರೆ ತಣ್ಣಗೆ ಕೊರೆಯುತ್ತಿದ್ದು, ಮೇಲೆ ನೀರು ಹನಿಗಟ್ಟಿದ್ದರೆ ತಂಪು ತಯಾರಾಗುತ್ತಿದೆ. ಒಳಗೆ ಬರುತ್ತಿಲ್ಲ ಅಷ್ಟೆ. ಕಂಪ್ರೆಸರ್, ಗ್ಯಾಸ್ ಎರಡರ ಮೇಲಿನ ಅನುಮಾನವನ್ನೂ ಬಹುಮಟ್ಟಿಗೆ ಬಿಡಬಹುದು. ಮುಟ್ಟುವಾಗ ಪಕ್ಕದ ಹೀಟರ್ ಪೈಪ್‌ಗಳು ಸುಡುತ್ತಿರುತ್ತವೆ, ಜೋಪಾನ.

ಬ್ಯಾಟರಿ ಬದಲಿಸಿದ ಮೇಲೆ ಫ್ಲ್ಯಾಪ್‌ಗಳು ತಾವು ಎಲ್ಲಿದ್ದೇವೆ ಅನ್ನೋ ಲೆಕ್ಕ ಕಳೆದುಕೊಂಡಿರುವುದೂ ಉಂಟು. ಇಗ್ನಿಷನ್ ಆನ್ ಮಾಡಿ, ಯಾವ ಎಸಿ ಬಟನ್ನೂ ಮುಟ್ಟದೆ ಒಂದೆರಡು ನಿಮಿಷ ಬಿಟ್ಟರೆ ಹಲವು ಕಾರುಗಳು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಫ್ಲ್ಯಾಪ್ ಓಡಿಸಿ ತಾವೇ ಸರಿಮಾಡಿಕೊಳ್ಳುತ್ತವೆ. ಕೆಲವಕ್ಕೆ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಬೇಕು. ಕಣ್ಣಿಗೆ ಕಾಣಲಿ ಅಂದರೆ ಕಾಲಿಡುವ ಜಾಗದಿಂದ ಟಾರ್ಚ್ ಹಾಕಿ ಮೇಲೆ ನೋಡಿ, ಇನ್ನೊಬ್ಬರಿಗೆ ಟೆಂಪರೇಚರ್ ಲೋದಿಂದ ಹೈಗೆ ಏರಿಸಲು ಹೇಳಿ. ಎಷ್ಟೋ ಕಾರುಗಳಲ್ಲಿ ಮೋಟಾರ್‌ನ ತೋಳು ತಿರುಗುವುದು ಅಲ್ಲೇ ಕಾಣುತ್ತದೆ. ತೋಳು ತಿರುಗಿಯೂ ಗಾಳಿಯ ಬಿಸಿ ತಂಪು ಬದಲಾಗದಿದ್ದರೆ ಫ್ಲ್ಯಾಪ್‌ನ ಕಡ್ಡಿ ಮುರಿದಿರಬಹುದು.

ರೀಸರ್ಕ್ಯುಲೇಷನ್ ಫ್ಲ್ಯಾಪ್ ಪರೀಕ್ಷೆ ಇನ್ನೂ ಸುಲಭ. ಬ್ಲೋವರ್ ಜೋರಾಗಿಟ್ಟು ಬಟನ್ ಒತ್ತಿ. ಗ್ಲೋವ್ ಬಾಕ್ಸ್ ಕಡೆಯಿಂದ ಗಾಳಿ ಎಳೆಯುವ ಸದ್ದು ಜಾಸ್ತಿಯಾಗಬೇಕು. ಆಗದಿದ್ದರೆ ಹೊರಗಿನ ಬಿಸಿಗಾಳಿ ಯಾವಾಗಲೂ ಒಳಗೆ ಬರುತ್ತಿದೆ, ಬೇಸಿಗೆಯಲ್ಲಿ ಯಾವ ಎಸಿಯೂ ಸಾಲುವುದಿಲ್ಲ. ಮಳೆಗಾಲದಲ್ಲಿ ಇದರ ಉಲ್ಟಾ. ಆಗುಂಬೆ ಘಾಟಿಯಲ್ಲಿ ಗಾಜು ಮಂಜು ಕಟ್ಟಿ ಹೋಗುತ್ತಲೇ ಇಲ್ಲ ಅಂದರೆ ಫ್ಲ್ಯಾಪ್ ಒಳಗಾಳಿಯ ಕಡೆ ಸಿಕ್ಕಿಕೊಂಡಿರಬಹುದು.

ಇಲ್ಲಿ ಒಂದು ಎಚ್ಚರಿಕೆ. ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ ಮನೆಯಲ್ಲಿ ಬೇಡ. ಹಳದಿ ಪ್ಲಗ್, ಹಳದಿ ವೈರ್ ಕಂಡರೆ ಅದು ಏರ್‌ಬ್ಯಾಗ್‌ನದು, ಮುಟ್ಟಲೇಬೇಡಿ.

ಬ್ಲೋವರ್

ಬೇಗ ಮುಗಿಸುತ್ತೇನೆ. ಮಾಮೂಲಿ ಎಸಿಯಲ್ಲಿ ಫ್ಯಾನ್ ವೇಗ ಬದಲಿಸುವ ರೆಸಿಸ್ಟರ್ ಹೋದರೆ ಕೊನೆಯ ವೇಗ ಮಾತ್ರ ಉಳಿಯುತ್ತದೆ. ಆಟೋ ಎಸಿಯಲ್ಲಿ ಅದರ ಬದಲು ಟ್ರಾನ್ಸಿಸ್ಟರ್ ಮಾಡ್ಯೂಲ್ ಇರುತ್ತದೆ. ಅದು ಕೆಟ್ಟರೆ ಫ್ಯಾನ್ ಪೂರ್ತಿ ವೇಗದಲ್ಲೇ ಓಡುತ್ತದೆ, ಅಥವಾ ಓಡುವುದೇ ಇಲ್ಲ. ಮಾಡ್ಯೂಲ್ ಬದಲಿಸುವಾಗ ಬ್ಲೋವರ್ ಮೋಟಾರನ್ನೂ ಕೈಯಲ್ಲಿ ತಿರುಗಿಸಿ ನೋಡಲು ಹೇಳಿ. ಬಿಗಿಯಾದ ಮೋಟಾರ್ ಜಾಸ್ತಿ ಕರೆಂಟ್ ಎಳೆದು ಹೊಸ ಮಾಡ್ಯೂಲನ್ನೂ ಸುಡುತ್ತದೆ.

ಲೋದಲ್ಲೂ ತಣ್ಣಗಾಗದಿದ್ದರೆ

ಈಗ ಬಾನೆಟ್ ಕೆಳಗೆ. ರೇಡಿಯೇಟರ್ ಫ್ಯಾನ್ ಎಂಜಿನ್ ಆಫ್ ಇದ್ದಾಗಲೂ ದಿಢೀರನೆ ತಿರುಗಬಹುದು, ಆದ್ದರಿಂದ ಕೈ, ಸೆರಗು, ದುಪಟ್ಟಾ, ಸರ ಎಲ್ಲ ದೂರ ಇರಲಿ. ಕಾರು ಎಲೆಕ್ಟ್ರಿಕ್ ಅಥವಾ ಹೈಬ್ರಿಡ್ ಆಗಿದ್ದರೆ ಇಲ್ಲಿಗೇ ನಿಲ್ಲಿಸಿ. ಅವುಗಳಲ್ಲಿ ಕಂಪ್ರೆಸರ್ ಕೂಡ ಹೈ ವೋಲ್ಟೇಜ್‌ನಲ್ಲಿ ಓಡುವುದಿರುತ್ತದೆ. ಕಿತ್ತಳೆ ಬಣ್ಣದ ಕೇಬಲ್ ಇರುವ ಕಡೆ ತರಬೇತಿ ಆದವರೇ ಕೈ ಹಾಕಬೇಕು.

ಎಂಜಿನ್ ಓಡುತ್ತಿರುವಾಗ ಒಬ್ಬರು ಒಳಗೆ ಕೂತು ಎಸಿ ಆನ್ ಮಾಡಲಿ. ಕ್ಲಚ್ ಇರುವ ಕಂಪ್ರೆಸರ್ ಆದರೆ 'ಟಕ್' ಅಂತ ಒಂದು ಸದ್ದು ಬಂದು, ಪುಲ್ಲಿಯ ಮುಂಭಾಗದ ಪ್ಲೇಟ್ ತಿರುಗಲು ಶುರುವಾಗುತ್ತದೆ. ಈಗಿನ ಕೆಲವು ಕಾರುಗಳ ಕಂಪ್ರೆಸರ್‌ಗೆ ಕ್ಲಚ್ಚೇ ಇಲ್ಲ, ಅಲ್ಲಿ ಸದ್ದು ಬರಲಿಲ್ಲ ಅಂತ ಗಾಬರಿ ಬೇಡ. ಕ್ಲಚ್ ಹಿಡಿಯದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ (ಕರೆಂಟ್ ಹಾಯಿಸುವ ಸ್ವಿಚ್). ಫ್ಯೂಸ್ ಬಾಕ್ಸ್‌ನಲ್ಲಿ ಅದೇ ನಮೂನೆಯ, ಅದೇ ನಂಬರಿನ ಹಾರ್ನ್ ರಿಲೇ ಇದ್ದರೆ ಅದನ್ನು ಅದಲುಬದಲು ಮಾಡಿ ನೋಡಬಹುದು. ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದ್ದರೆ ದೊಡ್ಡ ಫ್ಯೂಸ್ ಹಾಕಬೇಡಿ. ವೈರ್ ಹೊತ್ತಿಕೊಳ್ಳುತ್ತದೆ. ಇಲಿ ಕಚ್ಚಿದ ವೈರ್ ಇದೆಯಾ ಅಂತಲೂ ನೋಡಿ, ತೋಟದ ಮನೆಗಳಲ್ಲಿ, ಮರದ ಕೆಳಗೆ ನಿಲ್ಲುವ ಕಾರುಗಳಲ್ಲಿ ಇದು ಮಾಮೂಲಿ.

ಫ್ಯೂಸ್, ರಿಲೇ ಸರಿ ಇದ್ದೂ ಕ್ಲಚ್‌ಗೆ ಕರೆಂಟ್ ಬರದಿದ್ದರೆ, ಕಾರೇ ಬೇಡ ಅನ್ನುತ್ತಿದೆ. ಗ್ಯಾಸ್ ತೀರಾ ಕಮ್ಮಿಯಾದರೆ, ಅಥವಾ ಪ್ರೆಶರ್ ತೀರಾ ಏರಿದರೆ ಪ್ರೆಶರ್ ಸ್ವಿಚ್ ಅದನ್ನು ತಡೆಯುತ್ತದೆ. ಗ್ಯಾಸ್ ಜೊತೆ ಎಣ್ಣೆ ಸುತ್ತದೆ ಕಂಪ್ರೆಸರ್ ಜಾಮ್ ಆಗದಿರಲಿ, ಪ್ರೆಶರ್ ಏರಿ ಏನೂ ಒಡೆಯದಿರಲಿ ಅಂತಲೇ ಈ ತಡೆ ಇರುವುದು. ಅದನ್ನು ವೈರ್ ಹಾಕಿ ಡೈರೆಕ್ಟ್ ಮಾಡುತ್ತೇನೆ ಅನ್ನುವವರಿಗೆ ಕಾರು ಕೊಡಬೇಡಿ.

ಓಡುವಾಗ ತಂಪು, ಸಿಗ್ನಲ್‌ನಲ್ಲಿ ನಿಂತರೆ ಸೆಕೆ. ಇದು ಅತಿ ಸಾಮಾನ್ಯ ದೂರು, ಕಾರಣ ಹೆಚ್ಚಾಗಿ ಕಂಡೆನ್ಸರ್‌ಗೆ ಗಾಳಿ ಸಾಲದೇ ಇರುವುದು. ಎಸಿ ಹಾಕಿದ ಸ್ವಲ್ಪ ಹೊತ್ತಿನಲ್ಲಿ ಮುಂದಿನ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಅದರ ಫ್ಯೂಸ್, ರಿಲೇ, ಮೋಟಾರ್ ನೋಡಿ. ತಿರುಗುತ್ತಿದ್ದರೆ ಕಂಡೆನ್ಸರ್ ಮುಂದೆ ಬಗ್ಗಿ ನೋಡಿ. ನಮ್ಮ ಹಳೆ ಮೈಸೂರು ಕಡೆ, ತುಮಕೂರು, ಹಾಸನದ ಹಳ್ಳಿ ರಸ್ತೆಗಳಲ್ಲಿ ಸುಗ್ಗಿ ಹೊತ್ತಿಗೆ ರಾಗಿ, ಹುರುಳಿ ಎಲ್ಲ ಟಾರ್ ಮೇಲೇ ಒಕ್ಕಣೆಗೆ ಹರಡಿರುತ್ತಾರಲ್ಲ, ಅದರ ಹೊಟ್ಟು, ಸೊಪ್ಪು ನೇರವಾಗಿ ಬಂದು ಕೂರುವುದು ಕಂಡೆನ್ಸರ್ ಮತ್ತು ರೇಡಿಯೇಟರ್ ಮಧ್ಯೆ. ಹುರುಳಿ ಸೊಪ್ಪು ಕಾರಿನ ಕೆಳಗೆ ಸುತ್ತಿಕೊಂಡು ಬೆಂಕಿಯೇ ಹತ್ತಬಹುದು, ಅಂಥ ರಸ್ತೆ ದಾಟಿದ ಮೇಲೆ ಒಮ್ಮೆ ನಿಲ್ಲಿಸಿ ಕೆಳಗೆ ನೋಡುವುದು ಒಳ್ಳೆಯದು. ಎಂಜಿನ್ ತಣ್ಣಗಾದ ಮೇಲೆ ತೋಟದ ಪೈಪಿನ ಮೆಲ್ಲನೆ ನೀರಿನಿಂದ ಕಂಡೆನ್ಸರ್ ತೊಳೆಯಿರಿ. ವಾಟರ್ ವಾಶ್ ಗನ್ ಹತ್ತಿರ ಹಿಡಿದರೆ ತೆಳ್ಳನೆಯ ಫಿನ್‌ಗಳು ಮಡಚಿಕೊಂಡು ಇನ್ನೂ ಗಾಳಿ ನಿಲ್ಲುತ್ತದೆ. ಮಂಗಳೂರು, ಕಾರವಾರದ ಕಡೆಯವರು ಫಿನ್‌ಗಳು ಉಪ್ಪುಗಾಳಿಗೆ ಪುಡಿಪುಡಿ ಉದುರುತ್ತಿವೆಯಾ ಅಂತ ನೋಡಿ. ಹಾಗಾಗಿದ್ದರೆ ತೊಳೆದು ಪ್ರಯೋಜನ ಇಲ್ಲ, ಬದಲಿಸಬೇಕು.

ಗ್ಯಾಸ್, ಕೊನೆಗೆ

ಇಷ್ಟೆಲ್ಲ ಆದ ಮೇಲೂ ತಣ್ಣಗಾಗದಿದ್ದರೆ ಈಗ ಗ್ಯಾಸ್ ಮಾತು. ಎಡಗಡೆ ಕಿಂಡಿಯ ತಂಪು ಬಲಗಡೆಗಿಂತ ತುಂಬಾ ಬೇರೆ ಇದ್ದರೆ, ಕಂಪ್ರೆಸರ್ ಕೆಲವೇ ಸೆಕೆಂಡಿಗೊಮ್ಮೆ ಹಿಡಿದು ಬಿಡುತ್ತಿದ್ದರೆ, ಪೈಪ್ ಜಾಯಿಂಟ್‌ಗಳಲ್ಲಿ ಎಣ್ಣೆ ಜಿಡ್ಡಿಗೆ ಧೂಳು ಅಂಟಿದ ಕಲೆ ಇದ್ದರೆ ಗ್ಯಾಸ್ ಕಮ್ಮಿ ಇರುವ ಸಾಧ್ಯತೆ ಜಾಸ್ತಿ.

ಈ ಕೆಲಸ ಮನೆಯಲ್ಲಿ ಮಾಡುವುದಲ್ಲ. ಹೆಚ್ಚಿನ ಕಾರುಗಳಲ್ಲಿರುವ ಆರ್134ಎ ಗ್ಯಾಸ್ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ, ಕಣ್ಣಿಗೆ ಚಿಮ್ಮಿದರೆ ಕಣ್ಣೇ ಹೋಗಬಹುದು. ಗಾಳಿಗೆ ಬಿಡುವುದೂ ತಪ್ಪು, ಭೂಮಿಯ ಕಾವೇರಿಸುವುದರಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ 1,300 ಪಟ್ಟಿಗೂ ಮೇಲೆ. ಹೊಸ ಕೆಲವು ಕಾರುಗಳಲ್ಲಿ ಆರ್1234ವೈಎಫ್ ಇದೆ, ಎರಡನ್ನೂ ಬೆರೆಸಬಾರದು. ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲಿ ಬರೆದಿರುತ್ತದೆ. ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ಗ್ಯಾಸಿನ ಪ್ರೆಶರ್ ಅಳೆಯುವ ಗೇಜ್ ಹಾಕಿದಾಗ ನೀವೂ ಪಕ್ಕದಲ್ಲಿ ನಿಂತು ನೋಡಿ. ಕಾರು ಗಂಟೆಗಟ್ಟಲೆ ನಿಂತಿದ್ದು ಹೊರಗೆ 30 ಡಿಗ್ರಿ ಇದ್ದರೆ ಆರ್134ಎ ಇರುವ ಕಾರಿನಲ್ಲಿ ಎರಡೂ ಮುಳ್ಳು 95 ಪಿಎಸ್‌ಐ ಆಸುಪಾಸು ಇರುತ್ತವೆ. ಅದಕ್ಕಿಂತ ತುಂಬಾ ಕೆಳಗಿದ್ದರೆ ಗ್ಯಾಸ್ ಖಾಲಿ. ಆದರೆ 95 ಇದೆ ಅಂದ ಮಾತ್ರಕ್ಕೆ ಪೂರ್ತಿ ಇದೆ ಅಂತಲ್ಲ, ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಅಷ್ಟೇ ತೋರಿಸುತ್ತದೆ. ಎಂಜಿನ್ ಓಡುವಾಗ 35 ಡಿಗ್ರಿ ಸೆಕೆಯಲ್ಲಿ ಲೋ ಸೈಡ್ (ಕಂಪ್ರೆಸರ್‌ಗೆ ಗ್ಯಾಸ್ ಬರುವ ಕಡೆ) ಸುಮಾರು 30ರಿಂದ 45, ಹೈ ಸೈಡ್ (ಅದರಿಂದ ಹೊರಡುವ ಕಡೆ) 200ರಿಂದ 275 ಪಿಎಸ್‌ಐ ಇದ್ದರೆ ಸರಿ. ಎರಡೂ ಕೆಳಗಿದ್ದರೆ ಗ್ಯಾಸ್ ಕಮ್ಮಿ. ಎರಡೂ ಮೇಲಿದ್ದರೆ ಗ್ಯಾಸ್ ಜಾಸ್ತಿ, ಅಥವಾ ಕಂಡೆನ್ಸರ್‌ಗೆ ಗಾಳಿ ಇಲ್ಲ. ಲೋ ಸೈಡ್ ಮೇಲೆ, ಹೈ ಸೈಡ್ ಕೆಳಗೆ ಅಂದರೆ ಕಂಪ್ರೆಸರ್ ಸೋತಿರಬಹುದು. ಗ್ಯಾಸ್ ಜಾಸ್ತಿಯಾದರೂ ತಂಪು ಕಮ್ಮಿಯಾಗುತ್ತದೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಬರೀ ಗೇಜ್ ನೋಡಿ ಟಾಪ್ ಅಪ್ ಮಾಡುವುದು ಬೇಡ ಅಂತ ನಾನು ಒತ್ತಿ ಹೇಳುವುದು. ಇರುವುದನ್ನು ಯಂತ್ರದಿಂದ ಹೊರತೆಗೆದು, ಸೋರಿಕೆ ಹುಡುಕಿ ಮುಚ್ಚಿ, ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಎಳೆದು, ಸ್ಟಿಕರ್‌ನಲ್ಲಿರುವಷ್ಟೇ ತೂಕ ಮಾಡಿ ತುಂಬಬೇಕು. ಸೋರಿಕೆ ಮುಚ್ಚುವ ಲೇಹ್ಯದಂಥ ದ್ರವಗಳನ್ನು ಒಳಗೆ ಬಿಡಿಸಬೇಡಿ, ವಾಲ್ವ್ ಕಟ್ಟಿಕೊಳ್ಳುತ್ತದೆ.

ಕಾರಿನಿಂದಲೇ ಕೇಳಿ

ಹಲವು ಆಟೋ ಎಸಿಗಳಿಗೆ ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಲು ಬರುತ್ತದೆ. ಟೊಯೋಟಾದ ಹಲವು ಮಾದರಿಗಳಲ್ಲಿ ಆಟೋ ಮತ್ತು ರೀಸರ್ಕ್ಯುಲೇಷನ್ ಬಟನ್ ಎರಡನ್ನೂ ಒಟ್ಟಿಗೆ ಒತ್ತಿಹಿಡಿದು ಇಗ್ನಿಷನ್ ಆನ್ ಮಾಡಿದರೆ ದೀಪಗಳು ಮಿನುಗಿ, ಆಮೇಲೆ ತಪ್ಪು ಎಲ್ಲಿದೆ ಅಂತ ಹೇಳುವ ಕೋಡ್ ಬರುತ್ತದೆ. 00 ಅಂದರೆ ಏನೂ ಇಲ್ಲ. 11 ಒಳಗಿನ ಸೆನ್ಸರ್, 12 ಹೊರಗಿನದು, 13 ಕೂಲಿಂಗ್ ಕಾಯಿಲ್‌ನದು, 21 ಬಿಸಿಲಿನದು. ಇದನ್ನು ಬಿಸಿಲಲ್ಲೇ ಮಾಡಿ, ನೆರಳಲ್ಲಿ ಮಾಡಿದರೆ ಸೆನ್ಸರ್ ಚೆನ್ನಾಗಿದ್ದರೂ 21 ಬರುತ್ತದೆ. ಬೇರೆ ಕಂಪನಿಗಳಲ್ಲಿ ಬಟನ್ ಜೋಡಿ ಬೇರೆ, ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಸಿಗುತ್ತದೆ.

ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಇದಕ್ಕೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಅವು ಹೆಚ್ಚಾಗಿ ಓದುವುದು ಎಂಜಿನ್ ಕೋಡ್‌ಗಳನ್ನು. ಎಸಿಯದ್ದು ಸಾಮಾನ್ಯವಾಗಿ 'ಬಿ' ಅಕ್ಷರದಿಂದ ಶುರುವಾಗುವ ಬಾಡಿ ಕೋಡ್. ಎಸಿ ಮಾಡ್ಯೂಲ್ ಓದುವ ಸ್ಕ್ಯಾನರ್ ಇದೆಯಾ ಅಂತ ಗ್ಯಾರೇಜಿನಲ್ಲಿ ಮೊದಲೇ ಕೇಳಿ. ಇದ್ದರೆ ಕೋಡ್ ಮಾತ್ರ ನೋಡಿ ಬಿಡಬೇಡಿ, ಲೈವ್ ಡೇಟಾ ತೆಗೆಸಿ. ಒಳಗಿನ, ಹೊರಗಿನ, ಕಾಯಿಲ್‌ನ ಶಾಖ ಮೂರನ್ನೂ ಒಂದೇ ಸ್ಕ್ರೀನಿನಲ್ಲಿ ನೋಡಿದರೆ ಸುಳ್ಳು ಹೇಳುತ್ತಿರುವ ಸೆನ್ಸರ್ ಯಾವುದು ಅಂತ ಕೂಡಲೇ ಗೊತ್ತಾಗುತ್ತದೆ, ಯಾಕೆಂದರೆ ರಾತ್ರಿಯಿಡೀ ನಿಂತ ಕಾರಿನಲ್ಲಿ ಮೂರೂ ಹೆಚ್ಚುಕಮ್ಮಿ ಒಂದೇ ಇರಬೇಕು.

ಗ್ಯಾರೇಜಿಗೆ ಹೋಗುವಾಗ "ಎಸಿ ಸರಿಯಿಲ್ಲ" ಅನ್ನಬೇಡಿ. ಲೋದಲ್ಲಿ ಕಿಂಡಿಯಲ್ಲಿ ಎಷ್ಟು ಡಿಗ್ರಿ ಬಂತು, 24ರಲ್ಲಿ ಏನಾಯಿತು, ಕ್ಲಚ್ ಹಿಡಿಯುತ್ತಿತ್ತಾ, ದಪ್ಪ ಪೈಪ್ ತಣ್ಣಗಿತ್ತಾ, ಎಷ್ಟು ಹೊತ್ತು ಓಡಿದ ಮೇಲೆ ಶುರುವಾಯಿತು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಒಳ್ಳೆಯ ಮೆಕ್ಯಾನಿಕ್‌ಗೆ ಇದರಿಂದ ಖುಷಿಯೇ ಆಗುತ್ತದೆ, ಅವರ ಅರ್ಧ ದಿನ ಉಳಿಯುತ್ತದೆ. ಫ್ಲ್ಯಾಪ್ ಮೋಟಾರ್, ಸೆನ್ಸರ್ ಕೊಳ್ಳುವಾಗ ಹಳೆಯದರ ಮೇಲಿರುವ ಪಾರ್ಟ್ ನಂಬರ್ ಕೈಯಲ್ಲಿರಲಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿದರೂ ಆ ನಂಬರ್ ಇದ್ದರೇ ಸರಿಯಾದದ್ದು ಸಿಗುವುದು, ಒಂದೇ ಕಾರಿನ ಬೇರೆ ಬೇರೆ ವರ್ಷಕ್ಕೆ ಬೇರೆ ಮೋಟಾರ್ ಇರುತ್ತದೆ. ಕೆಲಸ ಮುಗಿದ ಮೇಲೆ ಬಿಲ್‌ನಲ್ಲಿ ಎಷ್ಟು ಗ್ರಾಂ ಗ್ಯಾಸ್ ಹಾಕಿದರು, ಸೋರಿಕೆ ಎಲ್ಲಿತ್ತು ಅಂತ ಬರೆಸಿಕೊಳ್ಳಿ, ಬಿಚ್ಚಿದ ಪಾರ್ಟ್ ಕೇಳಿ ತೆಗೆದುಕೊಳ್ಳಿ. ಥರ್ಮಾಮೀಟರನ್ನು ಮತ್ತೆ ಅದೇ ನಡುವಿನ ಕಿಂಡಿಗೆ ಸಿಕ್ಕಿಸಿ, ಲೋದಲ್ಲಿ ಹತ್ತು ನಿಮಿಷ, 24ರಲ್ಲಿ ಆಟೋ ಹಾಕಿ ಹತ್ತು ನಿಮಿಷ ಅಲ್ಲೇ ನಿಂತು ನೋಡಿ, ಆಮೇಲೆ ದುಡ್ಡು ಕೊಡಿ.